ತುಮಕೂರಿನಲ್ಲಿ ಡಿಸ್ಲೆಕ್ಸಿಯಾಗೆ ದೃಶ್ಯ ಗ್ರಹಿಕೆ ಪರೀಕ್ಷೆ: ಪರೀಕ್ಷೆ ಮಾಡಿಸಿ, ಪ್ಯಾಕೇಜು ಬೇಡ

ಮೂರನೇ ಕ್ಲಾಸಿಗೆ ಬಂದರೂ ಮಗು ತಡವರಿಸಿ ಓದುತ್ತದೆ, ಅಕ್ಷರ ಅದಲುಬದಲು ಮಾಡುತ್ತದೆ, ಬೋರ್ಡು ನೋಡಿ ಬರೆಯುವಾಗ ಸಾಲು ಹಾರಿಸುತ್ತದೆ. ಶಾಲೆಯಿಂದ ಇಂಥ ದೂರು ಬಂದರೆ ತುಮಕೂರಿನವರಿಗೆ ಮೊದಲು ಗೊತ್ತಿದ್ದ ದಾರಿ 70 ಕಿಲೋಮೀಟರ್ ದೂರದ ಬೆಂಗಳೂರೊಂದೇ. ಈಗ ಊರಲ್ಲೇ ಮಕ್ಕಳ ಬೆಳವಣಿಗೆ ಕೇಂದ್ರಗಳು ತಲೆ ಎತ್ತಿವೆ. ಅಂಥ ಒಂದು ಕೇಂದ್ರದ ‘ದೃಶ್ಯ ಗ್ರಹಿಕೆ ಪರೀಕ್ಷೆ ಮತ್ತು ಡಿಸ್ಲೆಕ್ಸಿಯಾ ಚಿಕಿತ್ಸೆ’ ಪ್ಯಾಕೇಜಿನ ವಿಮರ್ಶೆ ಇದು. ದೃಶ್ಯ ಗ್ರಹಿಕೆ ಎಂದರೆ ಕಣ್ಣು ಕಂಡ ಆಕಾರವನ್ನು ಮನಸ್ಸು ಗುರುತಿಸುವುದು, ಡಿಸ್ಲೆಕ್ಸಿಯಾ ಎಂದರೆ ಬುದ್ಧಿ ಸರಿಯಿದ್ದರೂ ಓದು ಬರಹ ಹತ್ತದ ತೊಂದರೆ. ಪರೀಕ್ಷೆಗೆ 3,500 ರೂಪಾಯಿ. 24 ಸೆಷನ್ನಿನ ಚಿಕಿತ್ಸೆ, ಪುಟದ ಮೇಲಿಟ್ಟು ಓದುವ ಬಣ್ಣದ ಪಾರದರ್ಶಕ ಹಾಳೆ, ವರ್ಕ್‌ಶೀಟ್ ಎಲ್ಲ ಸೇರಿ ಮತ್ತೆ 18,000. ಕೇಂದ್ರದ ಹೆಸರು ಹಾಕಿಲ್ಲ. ಇದೇ ಸರಕು ಇದೇ ಮಾತಿನಲ್ಲಿ ಬೇರೆ ಕಡೆಯೂ ಮಾರಾಟಕ್ಕಿದೆ, ಒಬ್ಬರನ್ನೇ ಎತ್ತಿ ಆಡುವುದರಲ್ಲಿ ಅರ್ಥವಿಲ್ಲ.

ಅಂಕ ಕೊಡುವುದಾದರೆ ಪರೀಕ್ಷೆ ನಡೆಸಿದ ರೀತಿಗೆ ಐದಕ್ಕೆ ನಾಲ್ಕು, ವರದಿಗೆ ಎರಡು, ಚಿಕಿತ್ಸೆಗೆ ಒಂದು.

ಮೊದಲು ಒಳ್ಳೆಯದನ್ನು ಹೇಳಬೇಕು. ಪರೀಕ್ಷೆಯನ್ನು ಶನಿವಾರ ಬೆಳಿಗ್ಗೆ ಇಡುತ್ತಾರೆ, ಸ್ಕೂಲು ಮುಗಿಸಿ ಸುಸ್ತಾಗಿ ಬಂದ ಮಗುವನ್ನು ಕೂರಿಸುವುದಿಲ್ಲ. ಕನ್ನಡಕ ಇದ್ದರೆ ತರಲೇಬೇಕು ಎಂದು ಫೋನಿನಲ್ಲೇ ಹೇಳುತ್ತಾರೆ. ಮಗುವಿನ ಕಾಲು ನೆಲಕ್ಕೆ ತಾಗುವ ಕುರ್ಚಿ ಇದೆ. ಇದು ಸಣ್ಣ ವಿಷಯವಲ್ಲ, ಕಾಲು ತೂಗಾಡುತ್ತಿದ್ದರೆ ಕೈಬರಹ ಕೆಡುತ್ತದೆ. ಅಪ್ಪ ಅಮ್ಮ ಹೊರಗೇ ಇರಬೇಕು.

ಬಳಸುವುದು ಎರಡು ಪರೀಕ್ಷೆ. ಒಂದು ಬೀರಿ ವಿಎಂಐ, ಕಣ್ಣು ಕೈಗಳ ಹೊಂದಾಣಿಕೆ ನೋಡುವಂಥದ್ದು. ಮೇಲೆ ಚಿತ್ರ, ಕೆಳಗೆ ಖಾಲಿ ಚೌಕ. ನೋಡಿ ಹಾಗೇ ಬರೆಯಬೇಕು. ನೆಟ್ಟಗಿನ ಗೆರೆಯಿಂದ ಶುರುವಾಗಿ ವೃತ್ತ, ಕೂಡು ಗುರುತು, ಚೌಕ, ತ್ರಿಕೋನ ಎಂದು ಕಷ್ಟವಾಗುತ್ತ ಹೋಗುತ್ತದೆ. ಸಾಮಾನ್ಯವಾಗಿ ಮೂರು ವರ್ಷಕ್ಕೆ ವೃತ್ತ, ನಾಲ್ಕಕ್ಕೆ ಕೂಡು ಗುರುತು, ಐದರ ಹೊತ್ತಿಗೆ ತ್ರಿಕೋನ ಬರುತ್ತದೆ. ನಿಂತ ವಜ್ರದಾಕಾರಕ್ಕೆ ಆರೇಳು ವರ್ಷ ಆಗಲೇಬೇಕು. ಇಲ್ಲಿ ರಬ್ಬರ್ ಕೊಡುವಂತಿಲ್ಲ, ಪುಸ್ತಕ ತಿರುಗಿಸಲು ಬಿಡುವಂತಿಲ್ಲ, ಸತತ ಮೂರು ಚಿತ್ರ ತಪ್ಪಿದರೆ ನಿಲ್ಲಿಸಬೇಕು. ಈ ಮೂರನ್ನೂ ಕೇಂದ್ರದವರು ಪಾಲಿಸಿದ್ದಾರೆ. ಇದರ ಜೊತೆಗಿನ ಎರಡು ಉಪಪರೀಕ್ಷೆಗಳನ್ನೂ ಬಿಟ್ಟಿಲ್ಲ: ಕಣ್ಣಿನ ಗ್ರಹಿಕೆಯದು 3 ನಿಮಿಷ, ಕೈ ಹಿಡಿತದ್ದು 5 ನಿಮಿಷ. ಬಹಳ ಕಡೆ ಇವೆರಡನ್ನು ‘ಟೈಮ್ ಇಲ್ಲ’ ಎಂದು ಹಾರಿಸುತ್ತಾರೆ. ಆಗ ಮಗು ವಜ್ರವನ್ನು ಸೊಟ್ಟಗೆ ಬರೆದದ್ದು ಆಕಾರ ತಿಳಿಯದೆಯೋ, ಪೆನ್ಸಿಲ್ ಹಿಡಿತ ಸಾಲದೆಯೋ ಎಂದು ಗೊತ್ತೇ ಆಗುವುದಿಲ್ಲ.

ಎರಡನೆಯದು ಟಿವಿಪಿಎಸ್-4, ಬರೀ ಕಣ್ಣಿನ ಗ್ರಹಿಕೆಯದು. ಇದರಲ್ಲಿ ಬರೆಯುವುದಿಲ್ಲ, ಬೆರಳಿಟ್ಟು ತೋರಿಸಿದರೆ ಸಾಕು. ಏಳು ಭಾಗಗಳಿವೆ: ವ್ಯತ್ಯಾಸ ಗುರುತಿಸುವುದು, ನೋಡಿದ್ದನ್ನು ನೆನಪಿಡುವುದು, ದಿಕ್ಕು ಮತ್ತು ಸ್ಥಾನ, ಗಾತ್ರ ಬದಲಾದರೂ ಆಕಾರ ಹಿಡಿಯುವುದು, ಸಾಲಾಗಿ ಕಂಡದ್ದನ್ನು ನೆನಪಿಡುವುದು, ಗಿಜಿಗಿಜಿ ಚಿತ್ರದಲ್ಲಿ ಅಡಗಿದ್ದನ್ನು ಹುಡುಕುವುದು, ಅರ್ಧ ಬರೆದ ಆಕಾರವನ್ನು ಮನಸ್ಸಿನಲ್ಲೇ ಪೂರ್ತಿ ಮಾಡುವುದು. ನೆನಪಿನ ಭಾಗದಲ್ಲಿ ಪುಟ ತೋರಿಸಲು ಕಟ್ಟುನಿಟ್ಟಿನ ಸೆಕೆಂಡುಗಳ ಲೆಕ್ಕ ಇದೆ, ಉಳಿದ ಕಡೆ ಅವಸರ ಇಲ್ಲ. ಪರೀಕ್ಷೆ ಮಾಡುವವರ ಕೈಯಲ್ಲಿ ಸ್ಟಾಪ್‌ವಾಚ್ ಇದ್ದದ್ದು ನೋಡಿ ಸಮಾಧಾನವಾಯಿತು. ಮನಸ್ಸಿನಲ್ಲಿ ಒಂದು, ಎರಡು ಎಣಿಸುವವರೇ ಜಾಸ್ತಿ.

ನಾಲ್ಕಕ್ಕೆ ನಿಂತದ್ದು ಎರಡು ಕಾರಣಕ್ಕೆ. ಟ್ಯೂಬ್‌ಲೈಟು ಮೇಜಿನ ನೇರ ಮೇಲಿದೆ, ಹೊಳಪಿನ ಪುಟದ ಮೇಲೆ ಬಿಳಿ ಪಟ್ಟಿ ಬೀಳುತ್ತದೆ. ಮಗು ತಲೆ ವಾಲಿಸಿ ವಾಲಿಸಿ ನೋಡುತ್ತದೆ, ಅದನ್ನೂ ‘ಅಸಹಜ ಭಂಗಿ’ ಎಂದು ಬರೆದುಕೊಳ್ಳುತ್ತಾರೆ. ಮೇಜನ್ನು ಎರಡಡಿ ಪಕ್ಕಕ್ಕೆ ಎಳೆದರೆ ಮುಗಿಯುವ ಕೆಲಸ. ಇನ್ನೊಂದು, ಮಗು ತಪ್ಪು ತೋರಿಸಿದಾಗ ‘ಸರಿಯಾಗಿ ನೋಡು ಪುಟ್ಟ’ ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುವುದು, ಆದರೆ ಅದು ಸುಳಿವು. ಮಗು ತಕ್ಷಣ ಬೇರೆ ಚಿತ್ರಕ್ಕೆ ಬೆರಳಿಡುತ್ತದೆ, ಅಂಕ ಏರುತ್ತದೆ.

ವರದಿ ಹತ್ತು ಪುಟ, ಬಣ್ಣದ ಗ್ರಾಫು, ಸ್ಪೈರಲ್ ಬೈಂಡಿಂಗ್. ಓದುವಾಗ ನೋಡಬೇಕಾದ್ದು ಎರಡೇ ಸಂಖ್ಯೆ. ಒಟ್ಟು ಅಂಕದ ಸರಾಸರಿ 100, ಪ್ರತಿ ಭಾಗದ ಸರಾಸರಿ 10. ಒಟ್ಟು 85 ಅಥವಾ ಭಾಗಕ್ಕೆ 7 ಬಂದರೆ ಅದೇ ವಯಸ್ಸಿನ ನೂರು ಮಕ್ಕಳಲ್ಲಿ ಸುಮಾರು 16 ಮಕ್ಕಳು ಈ ಮಗುವಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ಕೆಳಗಿದ್ದಾರೆ ಎಂದರ್ಥ. ಅದು ಕಾಯಿಲೆಯಲ್ಲ, ಸಾಧಾರಣದ ಕೆಳ ಅಂಚು. ಈ ವರದಿ ಅದನ್ನು ಕೆಂಪು ಬಣ್ಣದಲ್ಲಿ ‘ತೀವ್ರ ಕೊರತೆ’ ಎಂದು ಬಳಿದಿದೆ. ಜೊತೆಗೆ ‘ವಯಸ್ಸು 8, ಗ್ರಹಿಕೆಯ ವಯಸ್ಸು 5 ವರ್ಷ 9 ತಿಂಗಳು’ ಎಂದು ದಪ್ಪಕ್ಷರದಲ್ಲಿ ಹಾಕಿದೆ. ಹೆತ್ತವರ ಎದೆ ಧಸಕ್ಕೆನ್ನುವ ಸಾಲು ಇದು. ಈ ವಯಸ್ಸಿನ ಲೆಕ್ಕ ತೀರಾ ಒರಟು, ಎರಡು ಚಿತ್ರ ಹೆಚ್ಚುಕಮ್ಮಿಯಾದರೆ ತಿಂಗಳುಗಟ್ಟಲೆ ಅತ್ತಿತ್ತ ಜಿಗಿಯುತ್ತದೆ. ಮೇಲಾಗಿ ಎರಡೂ ಪರೀಕ್ಷೆಗಳ ಮಾನದಂಡ ಅಮೆರಿಕದ ಮಕ್ಕಳದು. ಕಟ್ಟುಜೋಡಣೆ ಆಟ, ಒಗಟು ಚಿತ್ರದ ಪುಸ್ತಕಗಳ ನಡುವೆ ಬೆಳೆದ ಮಗುವಿಗೂ, ಇಂಥ ಪುಟವನ್ನು ಜೀವನದಲ್ಲಿ ಮೊದಲ ಸಲ ನೋಡುತ್ತಿರುವ ಶಿರಾ ಕಡೆಯ ಹಳ್ಳಿಯ ಮಗುವಿಗೂ ಒಂದೇ ಅಳತೆಗೋಲು ಹಿಡಿಯುವಾಗ ವರದಿಯಲ್ಲಿ ಒಂದು ಸಾಲು ಎಚ್ಚರಿಕೆಯಾದರೂ ಇರಬೇಕಿತ್ತು. ಇಲ್ಲ.

ದೊಡ್ಡ ತಪ್ಪು ಕೊನೆಯ ಪುಟದಲ್ಲಿದೆ: ‘ರೋಗನಿರ್ಣಯ: ದೃಶ್ಯ ಮಾದರಿಯ ಡಿಸ್ಲೆಕ್ಸಿಯಾ.’ ಹತ್ತು ಪುಟದ ವರದಿಯಲ್ಲಿ ಮಗುವಿನ ಕೈಯಲ್ಲಿ ಒಂದು ಸಾಲು ಕನ್ನಡ ಓದಿಸಿದ ದಾಖಲೆ ಇಲ್ಲ. ಇಂಗ್ಲಿಷೂ ಇಲ್ಲ. ಓದಿಸದೆ ಓದಿನ ತೊಂದರೆ ಕಂಡುಹಿಡಿದಿದ್ದಾರೆ.

ಈ ತಪ್ಪಿಗೆ ಹಳೆಯ ಬೇರಿದೆ. ಈ ತೊಂದರೆಯನ್ನು ಮೊದಲು ಗುರುತಿಸಿದವರಲ್ಲಿ ಕಣ್ಣಿನ ಡಾಕ್ಟರುಗಳೇ ಮುಂದಿದ್ದರು. ಡಿಸ್ಲೆಕ್ಸಿಯಾ ಎಂಬ ಪದವನ್ನು 1880ರ ದಶಕದಲ್ಲಿ ಕೊಟ್ಟ ಜರ್ಮನಿಯ ರುಡಾಲ್ಫ್ ಬರ್ಲಿನ್ ಕಣ್ಣಿನ ವೈದ್ಯ. ‘ಹುಟ್ಟು ಪದಗುರುಡು’ ಎಂದು ಬರೆದ ಗ್ಲಾಸ್ಗೋದ ಹಿನ್ಶಲ್‌ವುಡ್ ಕೂಡ ಅದೇ ಕಸುಬಿನವರು. 1960ರ ದಶಕದಲ್ಲಿ ಮೇರಿಯಾನ್ ಫ್ರಾಸ್ಟಿಗ್ ಅವರ ದೃಶ್ಯ ಗ್ರಹಿಕೆ ಪರೀಕ್ಷೆ, ವರ್ಕ್‌ಶೀಟುಗಳು ಅಮೆರಿಕದ ಶಾಲೆಗಳಲ್ಲಿ ಹಬ್ಬಿದವು. ಅಷ್ಟರಲ್ಲೇ ಬುಡ ಅಲುಗಿತು. 1970ರ ದಶಕದಲ್ಲಿ ಫ್ರಾಂಕ್ ವೆಲ್ಯುಟಿನೊ ಎಂಬ ಮನೋವಿಜ್ಞಾನಿ ಓದಲು ಬಾರದ ಮಕ್ಕಳಿಗೂ ಚೆನ್ನಾಗಿ ಓದುವ ಮಕ್ಕಳಿಗೂ, ಇಬ್ಬರಿಗೂ ಗೊತ್ತಿಲ್ಲದ ಹೀಬ್ರೂ ಅಕ್ಷರ ತೋರಿಸಿ ನೆನಪಿನಿಂದ ಬರೆಸಿದರು. ಎರಡೂ ಗುಂಪು ಒಂದೇ ಸಮ ಬರೆಯಿತು. ಕಣ್ಣು ಅಕ್ಷರವನ್ನು ಸರಿಯಾಗೇ ಹಿಡಿಯುತ್ತದೆ, ಅದಕ್ಕೆ ದನಿ ಜೋಡಿಸುವಲ್ಲಿ ತಡವಾಗುತ್ತದೆ ಎಂಬುದು ಆಮೇಲಿನ ಸಂಶೋಧನೆಗಳಲ್ಲಿ ಗಟ್ಟಿಯಾಗುತ್ತಾ ಬಂದ ಮಾತು.

ಇದನ್ನು ಕನ್ನಡದಲ್ಲಿ ಹತ್ತು ನಿಮಿಷದಲ್ಲಿ ಪರೀಕ್ಷಿಸಬಹುದು, ಅದಕ್ಕೆ ಆಮದು ಕಿಟ್ಟೇನೂ ಬೇಡ. ರಟ್ಟಿನ ಮೇಲೆ ಒಂದೊಂದರದೂ ಎರಡೆರಡು ಪ್ರತಿ ಬರುವಂತೆ ಪ, ಷ, ವ, ಮ, ದ, ಥ, ರ, ಠ, ಬ, ಭ ಹೀಗೆ ರೂಪ ಹತ್ತಿರವಿರುವ ಅಕ್ಷರ ಬರೆಯಿರಿ. ಮೊದಲು ಮಗು ಮಾತಿಲ್ಲದೆ ಹೊಂದಿಸಲಿ: ಷ ಇಟ್ಟರೆ ಇನ್ನೊಂದು ಷ ಎತ್ತಿಕೊಡಬೇಕು. ಆಮೇಲೆ ನೀವು ದನಿ ಹೇಳಿ, ಅದು ತೋರಿಸಲಿ. ಮೂರನೆಯದಾಗಿ ನೀವು ತೋರಿಸಿ, ಅದು ಹೇಳಲಿ. ಕೊನೆಗೆ ನೀವು ಹೇಳಿ, ಅದು ಬರೆಯಲಿ. ಹೊಂದಿಸುವಲ್ಲೇ ಎಡವಿದರೆ ಕಣ್ಣು, ಗ್ರಹಿಕೆ, ಗಮನದ ಕಡೆ ನೋಡಬೇಕು. ಹೊಂದಿಸುವುದು ಸಲೀಸು, ಹೆಸರು ಹೇಳುವಾಗ ತಡವರಿಕೆ, ಬರೆಯುವಾಗ ಪೂರ್ತಿ ಗಲಿಬಿಲಿ ಎಂದಾದರೆ ತೊಡಕು ದನಿ ಮತ್ತು ಅಕ್ಷರದ ನಂಟಿನಲ್ಲಿದೆ. ಇಂಥ ಮಗುವಿಗೆ ಚಿತ್ರ ಹುಡುಕುವ ವರ್ಕ್‌ಶೀಟು ಕೊಡುವುದು ಹಲ್ಲು ನೋವಿಗೆ ಮಂಡಿಗೆ ಎಣ್ಣೆ ಹಚ್ಚಿದಂತೆ.

ಇಲ್ಲೊಂದು ಎಚ್ಚರ. ನಮ್ಮ ಕಡೆ ಬಹಳ ಮನೆಗಳಲ್ಲಿ ಹಾಲು ‘ಆಲು’, ಹೋಗು ‘ಓಗು’. ದನ, ಧನ ಎರಡಕ್ಕೂ ಒಂದೇ ಉಚ್ಚಾರ. ಉಕ್ತಲೇಖನದಲ್ಲಿ ಮಗು ‘ಆಲು’ ಎಂದು ಬರೆದರೆ ಅದು ತಾನು ಕೇಳಿದ್ದನ್ನು ಸರಿಯಾಗಿ ಬರೆದಿದೆ. ಮಹಾಪ್ರಾಣ, ಹಕಾರದ ತಪ್ಪುಗಳನ್ನು ಬೇರೆ ಎಣಿಸಿ, ಡಿಸ್ಲೆಕ್ಸಿಯಾ ಲೆಕ್ಕಕ್ಕೆ ಸೇರಿಸಬೇಡಿ. ಪಾವಗಡದ ಕಡೆಯ ಮಗುವಾದರೆ ಮನೆಮಾತು ತೆಲುಗೋ ಎಂದು ಮೊದಲು ಕೇಳಬೇಕು. ತುಮಕೂರು ನಗರದಲ್ಲಿ ಉರ್ದು ಮನೆಮಾತಿನ ಮಕ್ಕಳೂ ಬೇಕಾದಷ್ಟಿದ್ದಾರೆ. ಕೇಂದ್ರದ ಅರ್ಜಿಯಲ್ಲಿ ಮನೆಮಾತಿನ ಕಾಲಂ ಇಲ್ಲ. ರಕ್ತದ ಗುಂಪಿನ ಕಾಲಂ ಇದೆ.

ಇನ್ನು ಸರ್ಕಾರಿ ಶಾಲೆಯ ನಲಿ-ಕಲಿ ಮಕ್ಕಳು ಅಕ್ಷರ ಕಲಿಯುವುದು ಅ ಆ ಇ ಈ ಸಾಲಿನಲ್ಲಲ್ಲ, ರ ಗ ಸ ದ ಅ ಎಂದು. ಅವರನ್ನು ‘ವರ್ಣಮಾಲೆ ಹೇಳು’ ಎಂದು ಕೇಳಿ, ತಡವರಿಸಿದ್ದನ್ನು ‘ಕ್ರಮದ ನೆನಪಿನ ದೋಷ’ ಎಂದು ಬರೆಯುವುದು ಅನ್ಯಾಯ. ಕನ್ನಡದಲ್ಲಿ ಮೂಲಾಕ್ಷರ 49 ಆದರೂ ಕಾಗುಣಿತ, ಒತ್ತಕ್ಷರ ಸೇರಿದರೆ ಕಲಿಯಬೇಕಾದ ರೂಪಗಳು ನೂರಾರು. ಸಾಮಾನ್ಯ ಮಕ್ಕಳೂ ಅವನ್ನು ಪೂರ್ತಿ ಪಳಗಿಸಿಕೊಳ್ಳಲು ನಾಲ್ಕನೇ ತರಗತಿಯವರೆಗೆ ಹೆಣಗುತ್ತಾರೆ. ಒಂದನೇ ಕ್ಲಾಸಿನ ಮಗು ಒತ್ತು ಬಿಟ್ಟು ‘ಅಮ’ ಎಂದು ಬರೆದರೆ ಗಾಬರಿ ಬೇಡ. ನಾಲ್ಕರಲ್ಲೂ ‘ಅಕ’, ‘ತಮ’, ‘ಅಜಿ’ ಎಂದೇ ಬರೆಯುತ್ತಿದ್ದರೆ ನೋಡಬೇಕು.

ಅರ್ಕಾವೊತ್ತು ಇನ್ನೂ ಒಳ್ಳೆಯ ಕನ್ನಡಿ. ‘ಕರ್ನಾಟಕ’ದಲ್ಲಿ ರ್ ದನಿ ನಾ ಗಿಂತ ಮೊದಲು, ಗುರುತು ನಾ ಆದ ಮೇಲೆ. ಕಣ್ಣಿನ ಸಾಲು ಒಂದು, ಕಿವಿಯ ಸಾಲು ಇನ್ನೊಂದು. ಕೆಲವು ಮಕ್ಕಳು ‘ಕ-ನಾ-ರ್-ಟಕ’ ಎಂದು ಕಂಡ ಸಾಲಿನಲ್ಲೇ ಓದುತ್ತಾರೆ, ಕೆಲವರು ಗುರುತನ್ನೇ ನುಂಗಿ ‘ಕನಾಟಕ’ ಎನ್ನುತ್ತಾರೆ. ಮೊದಲನೆಯ ಮಗುವಿಗೆ ನಿಯಮ ಹೇಳಿಕೊಟ್ಟರೆ ವಾರದಲ್ಲಿ ಸರಿಹೋಗಬಹುದು. ಎರಡನೆಯ ಮಗುವಿಗೆ ಪದದೊಳಗಿನ ದನಿ ಬಿಡಿಸುವುದರಿಂದಲೇ ಶುರುಮಾಡಬೇಕು. ಇಂಥ ವ್ಯತ್ಯಾಸ ಯಾವ ಆಮದು ಚಿತ್ರಪುಸ್ತಕದಲ್ಲೂ ಸಿಗುವುದಿಲ್ಲ. ಕನ್ನಡದಲ್ಲೇ ಓದಿಸಿ ನೋಡುವ ಸಾಧನಗಳು ಇಲ್ಲವೆಂದೇನಿಲ್ಲ. ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಸಿದ್ಧಪಡಿಸಿದ ‘ಡಾಲಿ’ ಒಂದರಿಂದ ಐದನೇ ತರಗತಿಗೆ ಕನ್ನಡದಲ್ಲೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ಪರೀಕ್ಷೆಗಳ ಗುಚ್ಛವಾದ ‘ನಿಮ್ಹಾನ್ಸ್ ಬ್ಯಾಟರಿ’ಯಲ್ಲಿ ಓದು, ಬರಹ, ಕಾಗುಣಿತ, ಗಣಿತ, ಗಮನ, ನೆನಪು ಎಲ್ಲ ಇವೆ. ನೋಡಿ ಬರೆಯುವ ಪರೀಕ್ಷೆ ಅದರಲ್ಲಿ ಒಂದು ತುಂಡು ಮಾತ್ರ. ಈ ಕೇಂದ್ರ ಆ ತುಂಡನ್ನೇ ಇಡೀ ರೊಟ್ಟಿ ಎಂದು ಬಡಿಸುತ್ತಿದೆ.

ಕಣ್ಣಿನ ವಿಚಾರದಲ್ಲಿ ಇನ್ನೊಂದು ಲೋಪ. ಗ್ರಹಿಕೆ ಪರೀಕ್ಷೆಗೆ ಮುಂಚೆ ದೃಷ್ಟಿ ಪರೀಕ್ಷೆ ಆಗಿದೆಯೇ ಎಂದು ಕೇಳುತ್ತಾರೆ, ‘ಶಾಲೆಗೆ ಬಂದಿದ್ದ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ) ತಂಡ ನೋಡಿದೆ’ ಎಂದರೆ ಟಿಕ್ ಹಾಕಿಬಿಡುತ್ತಾರೆ. ಶಾಲೆಯಲ್ಲಿ ದೂರದ ಬೋರ್ಡು ಓದಿಸುತ್ತಾರೆ. ಹತ್ತಿರದ ದೃಷ್ಟಿ ಸಾಲದ ಪ್ಲಸ್ ಪವರಿನ ಮಗು ಅದರಲ್ಲಿ ಸಲೀಸಾಗಿ ಪಾಸಾಗುತ್ತದೆ, ಪುಸ್ತಕ ಹಿಡಿದರೆ ಹತ್ತು ನಿಮಿಷಕ್ಕೆ ತಲೆನೋವು. ಇದನ್ನು ಹಿಡಿಯಬೇಕಾದರೆ ಕಣ್ಣಿಗೆ ಹನಿ ಹಾಕಿ ಪವರ್ ನೋಡಿಸಬೇಕು. ಎರಡು ಕಣ್ಣು ಒಟ್ಟಿಗೆ ಒಳಮುಖವಾಗಿ ತಿರುಗುವ ಶಕ್ತಿ ಕಮ್ಮಿಯಿದ್ದರೂ ಸಾಲು ಜೋಡಿಯಾಗಿ ಕಾಣುತ್ತದೆ. ಪೆನ್ನಿನ ತುದಿಯನ್ನು ಮೂಗಿನ ಕಡೆ ನಿಧಾನ ತಂದಾಗ ಮುಖದಿಂದ 6 ಸೆಂಟಿಮೀಟರಿಗಿಂತ ದೂರದಲ್ಲೇ ಅದು ಎರಡಾಗಿ ಕಂಡರೆ ಕಣ್ಣಿನ ತಜ್ಞರಿಗೆ ತೋರಿಸಿ. ಇದಕ್ಕೆ ವ್ಯಾಯಾಮದಿಂದ ಗುಣವಿದೆ. ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ ಅದನ್ನು ತೋರಿಸಿತು. ಅದೇ ಸರಣಿಯ 2019ರ ಪ್ರಯೋಗದಲ್ಲಿ, ವ್ಯಾಯಾಮ ಮಾಡಿದ ಮಕ್ಕಳ ಓದಿನ ಗ್ರಹಿಕೆ ಹುಸಿ ವ್ಯಾಯಾಮ ಮಾಡಿದವರಿಗಿಂತ ಹೆಚ್ಚೇನೂ ಸುಧಾರಿಸಲಿಲ್ಲ. ಕಣ್ಣಿನ ಆಯಾಸ ತಗ್ಗಿಸಲು ಮಾಡಿಸಿ, ಓದು ಬರುತ್ತದೆಂದು ಅಲ್ಲ.

ಈಗ ಚಿಕಿತ್ಸೆ. 24 ಸೆಷನ್ನಿನಲ್ಲಿ ನಡೆಯುವುದು ಚುಕ್ಕಿ ಸೇರಿಸುವುದು, ದಾರಿ ಹುಡುಕುವುದು, ಅಡಗಿದ ಚಿತ್ರ, ಟ್ಯಾಬಿನಲ್ಲಿ ಒಂದೇ ತರದ ಆಕಾರ ಒತ್ತುವ ಆಟ. ಮೂರು ತಿಂಗಳಾದ ಮೇಲೆ ಅದೇ ಟಿವಿಪಿಎಸ್ ಮತ್ತೆ ಮಾಡಿ, ಏರಿದ ಗ್ರಾಫು ತೋರಿಸುತ್ತಾರೆ. ಏರದೆ ಏನು? ಅದೇ ತರದ ಚಿತ್ರದಲ್ಲಿ 24 ದಿನ ಪಳಗಿಸಿದ್ದಾರೆ, ಅದೇ ಪುಟಗಳನ್ನು ಎರಡನೇ ಸಲ ತೋರಿಸಿದ್ದಾರೆ. ಅಭ್ಯಾಸದಿಂದ ಬಂದ ಅಂಕಕ್ಕೂ ನಿಮಿಷಕ್ಕೆ ಎಷ್ಟು ಪದ ಓದುತ್ತದೆ ಎನ್ನುವುದಕ್ಕೂ ಸಂಬಂಧವಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರ ವೈದ್ಯರ ಸಂಘಗಳು 2009ರಲ್ಲೇ ಜಂಟಿಯಾಗಿ ಹೇಳಿವೆ: ದೃಷ್ಟಿ ತರಬೇತಿ, ಬಣ್ಣದ ಗಾಜು, ಬಣ್ಣದ ಹಾಳೆಯಿಂದ ಡಿಸ್ಲೆಕ್ಸಿಯಾ ಗುಣವಾಗುತ್ತದೆ ಎನ್ನಲು ಪುರಾವೆ ಇಲ್ಲ.

ಬಣ್ಣದ ಹಾಳೆ ಬೇಕೇ ಬೇಕು ಎನ್ನಿಸಿದರೆ ಸ್ಟೇಷನರಿ ಅಂಗಡಿಯ ಪಾರದರ್ಶಕ ಶೀಟು ತಂದು ಮನೆಯಲ್ಲೇ ಪರೀಕ್ಷಿಸಿ. ಮರ, ಮನೆ, ಹಸು, ನೀರು ಇಂಥ 15 ಸುಲಭ ಪದಗಳನ್ನು ಅರ್ಥವಿಲ್ಲದಂತೆ ಕಲಸಿ ಹತ್ತು ಸಾಲು ಬರೆಯಿರಿ. ಒಂದು ನಿಮಿಷ ಹಾಳೆ ಇಟ್ಟು, ಒಂದು ನಿಮಿಷ ಇಡದೆ, ಮತ್ತೆ ಇಡದೆ, ಮತ್ತೆ ಇಟ್ಟು ಓದಿಸಿ, ಸರಿಯಾದ ಪದ ಎಣಿಸಿ. ಸಾಲಿನ ಕ್ರಮ ಪ್ರತಿ ಸಲ ಬದಲಾಗಿರಲಿ. ‘ಇದು ಹಾಕಿದರೆ ಚೆನ್ನಾಗಿ ಓದ್ತೀಯ’ ಎಂದು ಮೊದಲೇ ಹೇಳಿದರೆ ಇಡೀ ಪರೀಕ್ಷೆ ಹಾಳು. ಇನ್ನೊಂದು ವಾರ ಬಿಟ್ಟು ಮತ್ತೆ ಮಾಡಿ. ಮೊದಲ ದಿನದ ಹುರುಪು ಎರಡನೇ ವಾರಕ್ಕೆ ಇಳಿದಿರುತ್ತದೆ.

ಹಾಗಾದರೆ 3,500 ಕೊಟ್ಟ ಪರೀಕ್ಷೆ ದಂಡವೇ? ಅಲ್ಲ. ಅದು ಹೇಳುವುದು ಬರಹದ ಬಗ್ಗೆ. ಬೀರಿಯಲ್ಲಿ ಕೈ ಹಿಡಿತದ ಅಂಕ ಮಾತ್ರ ಕೆಳಗಿದ್ದರೆ ಕೈಕೆಲಸ, ಬರಹದಂಥ ದಿನನಿತ್ಯದ ಕೌಶಲ ಪಳಗಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಹತ್ತಿರ ಹೋಗಬೇಕು, ಬೋರ್ಡಿನ ಬದಲು ಮೇಜಿನ ಮೇಲೆ ಚೀಟಿ ಕೊಡಿ ಎಂದು ಮೇಡಂಗೆ ಹೇಳಬೇಕು. ಸ್ಥಾನ, ದಿಕ್ಕಿನ ಅಂಕ ಕಮ್ಮಿಯಿದ್ದರೆ ಲೆಕ್ಕಕ್ಕೆ ಚೌಕುಳಿ ಪುಸ್ತಕ ಕೊಡಿಸಿ. ಬಿಡಿ ಕೆಳಗೆ ಹತ್ತು ಬಂದು ಕೂಡುವುದು ತಪ್ಪುವ ಮಗುವಿಗೆ ಒಂದು ಚೌಕಕ್ಕೆ ಒಂದೇ ಅಂಕಿ ಎನ್ನುವ ನಿಯಮ ಸಾಕು. ಗಿಜಿಗಿಜಿ ಪುಟದಲ್ಲಿ ತಡಕಾಡುವ ಮಗುವಿಗೆ ಸಾಲಿನ ಅಂತರ ಹೆಚ್ಚಿಸಿ ಮುದ್ರಿಸಿ. ಅಕ್ಷರಗಳ ನಡುವಿನ ಅಂತರ ಹೆಚ್ಚಿಸಿದಾಗ ಡಿಸ್ಲೆಕ್ಸಿಯಾ ಇರುವ ಮಕ್ಕಳ ಓದು ಸುಧಾರಿಸಿದ್ದನ್ನು 2012ರಲ್ಲಿ ಇಟಲಿ, ಫ್ರಾನ್ಸ್ ಮಕ್ಕಳಲ್ಲಿ ಕಂಡಿದ್ದಾರೆ. ಕನ್ನಡದಲ್ಲಂತೂ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಮುಟ್ಟುವಂತೆ ಅಚ್ಚು ಹಾಕುವ ಅಭ್ಯಾಸ ಪುಸ್ತಕಗಳಿವೆ, ದೊಡ್ಡವರಿಗೇ ಕಣ್ಣು ಕೀಳುತ್ತದೆ.

ಓದಿಗೆ ಬೇಕಾದ್ದು ಅಕ್ಷರ ಮತ್ತು ದನಿಯ ಪಾಠ. ವಾರಕ್ಕೆ ನಾಲ್ಕೈದು ದಿನ, ದಿನಕ್ಕೆ 30 ರಿಂದ 40 ನಿಮಿಷ. ವಾರಕ್ಕೆ ಎರಡೇ ದಿನ ಕರೆಸುವ ಕೇಂದ್ರದಿಂದ ಇದು ಆಗುವ ಕೆಲಸವೂ ಅಲ್ಲ. ತಲಕಟ್ಟು, ಇಳಿ, ಗುಡಿಸು, ಕೊಂಬು ಎಂದು ಒಂದೊಂದೇ ಗುರುತು ಹಿಡಿದು, ಕ್ ಜೊತೆ ಇ ಸೇರಿದರೆ ಕಿ ಎಂದು ಬಾಯಲ್ಲಿ ಕೂಡಿಸಿ, ಬಿಡಿಸಿ, ಅದೇ ಗುರುತನ್ನು ಮ, ತ, ಸ ಮೇಲೆ ಕೂರಿಸಬೇಕು. ‘ಮಿಸೂ’, ‘ಬಿಟಕ’ ತರದ ಅರ್ಥವಿಲ್ಲದ ಪದಗಳನ್ನೂ ಓದಿಸಿ. ಗೊತ್ತಿರುವ ಪದವನ್ನು ಮಗು ಊಹೆಯಿಂದ ಹೇಳಿಬಿಡುತ್ತದೆ, ಇಲ್ಲದ ಪದವನ್ನು ಅಕ್ಷರ ನೋಡಿಯೇ ಓದಬೇಕು. ಹದಿನೈದು ದಿನಕ್ಕೊಮ್ಮೆ ಒಂದು ನಿಮಿಷದ ಓದು ಎಣಿಸಿ ಕ್ಯಾಲೆಂಡರಿನಲ್ಲೇ ಬರೆದಿಡಿ.

ಕೇಂದ್ರದವರು ಹೇಳದೇ ಉಳಿಸಿದ ಇನ್ನೊಂದು ವಿಷಯ: ಈ ವರದಿ ಪರೀಕ್ಷಾ ರಿಯಾಯಿತಿಗೆ ನಡೆಯುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಆದರೆ ಪ್ರಮಾಣಪತ್ರ ಕೊಡಬೇಕಾದ್ದು ಸರ್ಕಾರ ಗೊತ್ತುಮಾಡಿದ ವೈದ್ಯಕೀಯ ಪ್ರಾಧಿಕಾರ. 2018ರ ಕೇಂದ್ರ ಮಾರ್ಗಸೂಚಿಯಲ್ಲಿ ಇದಕ್ಕೆ ಹೇಳಿದ್ದ ಸಾಧನ ನಿಮ್ಹಾನ್ಸ್ ಬ್ಯಾಟರಿ, ಪ್ರಮಾಣಪತ್ರದ ವಯಸ್ಸು ಎಂಟರಿಂದ ಮೇಲೆ ಇತ್ತು; 2024ರಲ್ಲಿ ಆ ಮಾರ್ಗಸೂಚಿಯನ್ನು ಪರಿಷ್ಕರಿಸಿದ್ದಾರೆ. ಪ್ರಮಾಣಪತ್ರ ಕೈಗೆ ಬಂದರೆ ಬರೆದುಕೊಡುವವರ ಸಹಾಯ, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಮುಂತಾದವಕ್ಕೆ ಅರ್ಜಿ ಹಾಕಬಹುದು. ಹತ್ತನೇ ಕ್ಲಾಸಿನ ಜನವರಿಯಲ್ಲಿ ಓಡಾಡುವ ಬದಲು ಎಂಟನೇ ಕ್ಲಾಸಿನಲ್ಲೇ ಶುರುಮಾಡಿ.

ಈ ಕೇಂದ್ರಕ್ಕೇ ಹೋಗುವುದಾದರೆ ಪರೀಕ್ಷೆಯೊಂದಕ್ಕೇ ದುಡ್ಡು ಕಟ್ಟಿ. ರಿಸೆಪ್ಷನ್ನಿನಲ್ಲಿ ‘ಸೇರಿಸಿ ಕಟ್ಟಿದರೆ ಎರಡು ಸಾವಿರ ಕಮ್ಮಿ’ ಎನ್ನುತ್ತಾರೆ, ಒಪ್ಪಬೇಡಿ. ಗ್ರಾಫಿನ ಜೊತೆ ಮಗು ಬರೆದ ಬೀರಿ ಪುಟಗಳ ಜೆರಾಕ್ಸ್ ಮತ್ತು ಪ್ರತಿ ಭಾಗದ ಅಂಕಪಟ್ಟಿ ಕೇಳಿ ಪಡೆಯಿರಿ. ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಇಲ್ಲ. ಮುಂದೆ ನಿಮ್ಹಾನ್ಸಿಗೋ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಹೋದಾಗ ಅಲ್ಲಿನವರು ಬೈಂಡಿಂಗ್ ಮಾಡಿದ ಹತ್ತು ಪುಟಗಳಿಗಿಂತ ಮೊದಲು ನೋಡುವುದು ಆ ಸೊಟ್ಟ ವಜ್ರಗಳನ್ನು ಮತ್ತು ಮಗುವಿನ ಕನ್ನಡ ನೋಟ್‌ಬುಕ್ಕನ್ನು. ನೋಟ್‌ಬುಕ್ ಮರೆಯಬೇಡಿ, ಅದರಲ್ಲೂ ರಫ್ ಪುಸ್ತಕ; ಫೇರ್ ಪುಸ್ತಕದಲ್ಲಿ ಅರ್ಧ ಅಮ್ಮನ ಕೈಬರಹವೇ ಇರುತ್ತದೆ.